ಕದ್ದು ತಂದ ಗಂಧರಾಜ

ಮುಂಬಯಿಯಲ್ಲಿ ಬಾಡಿಗೆಮನೆ ತೋರಿಸುವ ಏಜೆಂಟರು ಸಾಮಾನ್ಯವಾಗಿ ಏನನ್ನೂ ಮುಚ್ಚಿಡುವುದಿಲ್ಲ. ನೀರು ಎಷ್ಟು ಗಂಟೆಗೆ ಬರುತ್ತದೆ, ಸ್ಟೇಷನ್ನಿಗೆ ನಡೆದರೆ ಎಷ್ಟು ನಿಮಿಷ, ಎರಡು ಲಿಫ್ಟುಗಳಲ್ಲಿ ಯಾವುದು ಹೆಚ್ಚಾಗಿ ಕೆಡುತ್ತದೆ, ಮೇಲಿನ ಮನೆಯವರು ಬೆಳಗ್ಗೆ ಎಷ್ಟು ಹೊತ್ತಿಗೆ ಮಸಾಲೆ ರುಬ್ಬುತ್ತಾರೆ ಎಂಬಲ್ಲಿಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಅರುಹುತ್ತಾರೆ. ಆದರೆ ಯಾವ ಕಿಟಕಿಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆಂದು ಈವರೆಗೆ ಯಾವ ಏಜೆಂಟನೂ ಹೇಳಿದ್ದನ್ನು ನಾನು ಕೇಳಿಲ್ಲ. ಕೇಳಿದವರನ್ನೂ ಕಂಡಿಲ್ಲ, ನನ್ನೊಬ್ಬಳ ವಿನಾ. ವಡಾಲದ ಈ ಒಂಬತ್ತನೆಯ ಮಹಡಿಯ ಮನೆಯನ್ನು ನೋಡಲು ಬಂದ ದಿನ ನಾನು ಆ ಪ್ರಶ್ನೆ ಕೇಳಿದಾಗ, ಏಜೆಂಟ್ ನನ್ನನ್ನು ಬಿಟ್ಟು ನನ್ನ ಯಜಮಾನರ ಮುಖವನ್ನು ನೋಡಿದ. ಅವರು ಮೂವತ್ತು ವರ್ಷ ಹೋಟೆಲಿನ ಗಲ್ಲಾದ ಹಿಂದೆ ಕುಳಿತು ಎಂಥೆಂಥ ಗಿರಾಕಿಗಳನ್ನೋ ಸಂಭಾಳಿಸಿದವರು. "ಅದು ಅವಳಿಗಲ್ಲ, ಗಿಡಕ್ಕೆ" ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು. ಏಜೆಂಟನ ಅನುಮಾನ ಅದರಿಂದ ಕಡಿಮೆಯಾದಂತೆ ಕಾಣಲಿಲ್ಲ.

ಮನೆಗೆ ಬಂದ ಮೇಲೆ ನಾನೇ ಸಂಶೋಧನೆ ನಡೆಸಿದೆ. ಬೆಳಗ್ಗೆ ಏಳೂವರೆಗೆ ಬಿಸಿಲು ಬಾಲ್ಕನಿಯ ಬಲಮೂಲೆಯಲ್ಲಿ ಒಂದು ಕರವಸ್ತ್ರದಷ್ಟು ಅಗಲ ಹಾಸಿಕೊಳ್ಳುತ್ತದೆ. ಒಂಬತ್ತಕ್ಕೆ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಸರಿಯುತ್ತದೆ. ಹತ್ತೂಕಾಲಿಗೆ ಎದುರಿನ ಕಟ್ಟಡ ಅದನ್ನು ನುಂಗುತ್ತದೆ. ಮತ್ತೆ ಮೂರು ಗಂಟೆಗೆ ಮಲಗುವ ಕೋಣೆಯ ಕಿಟಕಿಯಲ್ಲಿ ಸ್ವಲ್ಪ ಹೊತ್ತು ಉಗುಳುತ್ತದೆ. ಈ ಸೂರ್ಯಭ್ರಮಣಕ್ಕೆ ಅನುಗುಣವಾಗಿ ನಾನು ಒಂದು ಕುಂಡವನ್ನು ಎತ್ತಿಕೊಂಡು ದಿನಕ್ಕೆ ನಾಲ್ಕು ಸಲ ಮನೆಯೊಳಗೆ ಸಂಚರಿಸುತ್ತಿದ್ದೆ. ಮೊಣಕಾಲು ನೋವೆಂದು ದೇವಸ್ಥಾನದ ಪ್ರದಕ್ಷಿಣೆಯನ್ನು ಒಂದಕ್ಕೆ ಇಳಿಸಿದವಳು ಕುಂಡ ಹೊತ್ತು ಇಷ್ಟು ಪ್ರದಕ್ಷಿಣೆ ಹಾಕುವುದನ್ನು ಕಂಡು ಯಜಮಾನರು, "ಎಂತ ಮಾರಾಯ್ತಿ, ಮಕ್ಕಳನ್ನೂ ನೀನು ಇಷ್ಟು ಎತ್ತಿಕೊಂಡು ತಿರುಗಿದ್ದು ನನಗೆ ನೆನಪಿಲ್ಲ" ಎಂದರು. ಅವರಿಗೆ ನೆನಪಿರಲಾರದು, ಆ ಕಾಲದಲ್ಲಿ ಅವರು ಹೋಟೆಲಿನಲ್ಲಿದ್ದರು, ಎಂದು ನಾನು ತಿರುಗಿ ಹೇಳಿದೆ. ದಾಂಪತ್ಯ ಈ ವಯಸ್ಸಿನಲ್ಲಿ ಹೀಗೆಯೇ ನಡೆಯುತ್ತದೆ.

ಕುಂಡದಲ್ಲಿದ್ದದ್ದು ಗಂಧರಾಜ. ಮರಾಠಿಯವರು ಅದನ್ನು ಅನಂತವೆನ್ನುತ್ತಾರೆ. ಹೊಳೆಯುವ ಕಡುಹಸಿರು ಎಲೆಯ, ಎದೆಯೆತ್ತರಕ್ಕೆ ಪೊದೆಯಾಗಿ ಬೆಳೆಯುವ, ಬೆಣ್ಣೆಯಂಥ ಬಿಳಿಯ ಹೂ ಬಿಡುವ ಗಿಡ. ಬಿಡುವ ಎಂದು ಹೇಳಿದ್ದು ಶಾಸ್ತ್ರದ ಮಾತು, ನನ್ನದು ಬಿಡುತ್ತಿರಲಿಲ್ಲ. ಫೆಬ್ರುವರಿಯಲ್ಲಿ ತಿರುಚಿದ ಬತ್ತಿಯಂಥ ಮೊಗ್ಗುಗಳು ರೆಂಬೆರೆಂಬೆಗೂ ಬಂದವು. ನಾನು ಹಿಗ್ಗಿದೆ. ಮೊಗ್ಗಿನ ತುದಿಯಲ್ಲಿ ಬಿಳಿ ಇಣುಕುವಷ್ಟರಲ್ಲಿ ಒಂದೊಂದಾಗಿ ಹಳದಿಯಾಗಿ ಉದುರತೊಡಗಿದವು. ಬೆಳಗ್ಗೆ ಬಾಲ್ಕನಿಯ ಬಾಗಿಲು ತೆರೆದರೆ ನೆಲದ ಮೇಲೆ ನಾಲ್ಕು, ಮರುದಿನ ಆರು. ಗಂಧವೇ ಇಲ್ಲದ ಗಂಧರಾಜ ರಾಜ್ಯ ಹೋದ ರಾಜನಂತೆ ಗಂಭೀರವಾಗಿ ಹಸಿರಾಗಿ ನಿಂತಿರುತ್ತಿತ್ತು. ಅನಂತವೆಂಬುದು ಹೂವಿನ ಹೆಸರೋ ನನ್ನ ಕಾಯುವಿಕೆಯ ಹೆಸರೋ ಎಂದು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪದಗಳ ಅರ್ಥ ಹೇಳಿದ ನನಗೇ ಸಂದೇಹವಾಗತೊಡಗಿತ್ತು. ಮಾಡದ ಉಪಚಾರವಿಲ್ಲ. ಹುಳಿಮಜ್ಜಿಗೆ ನೀರು ಹಾಕಿದೆ. ಯಜಮಾನರ ಹಳೆಯ ಹೋಟೆಲಿನಿಂದ ಕುದಿಸಿ ಬಸಿದ ಚಹಾಪುಡಿ ತರಿಸಿ, ತೊಳೆದು, ಬುಡಕ್ಕೆ ಕೊಟ್ಟೆ. ಎಲೆಯ ಅಡಿ ಅಂಟಿದ್ದ ಬಿಳಿ ಹಿಟ್ಟಿನಂಥ ಹುಳುಗಳನ್ನು ಹತ್ತಿಯಿಂದ ಒಂದೊಂದಾಗಿ ಒರೆಸಿದೆ. ಮೊಗ್ಗು ಉದುರುವುದು ನಿಲ್ಲಲಿಲ್ಲ.

ಇಷ್ಟೆಲ್ಲ ಕಳಕಳಿಯ ಹಿಂದೆ ಸಸ್ಯಪ್ರೇಮಕ್ಕಿಂತ ಹೆಚ್ಚಾಗಿ ಒಂದು ಅಪರಾಧವಿತ್ತೆಂದು ನಿಮ್ಮಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಅದನ್ನು ಹೇಳಬೇಕಾದರೆ ಮೊದಲು ರಜಿಯಾ ಆಪಾ ಯಾರೆಂದು ಹೇಳಬೇಕು.

ಮದುವೆಯಾಗಿ ಉಡುಪಿಯ ಕಡೆಯಿಂದ ಸಯನ್ನಿನ ಆ ಮೂರು ಮಹಡಿಯ ಹಳೆಯ ಬಿಲ್ಡಿಂಗಿಗೆ ನಾನು ಬಂದು ವಾರವಾಗಿತ್ತಷ್ಟೇ. ಗೇಟಿನ ಬಳಿ ತರಕಾರಿಯವನೊಬ್ಬ ಕೊಳೆತ ಬೆಂಡೆಕಾಯಿ ಕೊಟ್ಟನೆಂದು, ಶಾಲೆಯಲ್ಲಿ ಪರೀಕ್ಷೆಗೆಂದು ಕಲಿತ ಹಿಂದಿಯಲ್ಲಿ ಅವನೊಡನೆ ಜಗಳಕ್ಕೆ ನಿಂತಿದ್ದೆ. ಲಿಂಗ ವಚನಗಳನ್ನು ಸರಿಪಡಿಸಿಕೊಳ್ಳುತ್ತ ಜಗಳವಾಡುವುದು ಎಷ್ಟು ಕಷ್ಟವೆಂದು ಬಲ್ಲವರೇ ಬಲ್ಲರು. ಆಗ ನೆಲಮಹಡಿಯ ಕಿಟಕಿಯಿಂದ ಹೊಲಿಗೆ ಯಂತ್ರದ ಸದ್ದು ನಿಂತು ಒಂದು ದನಿ ಬಂತು: "ಕನ್ನಡದಾಗ ಬೈಯವ್ವಾ, ಹಿಂದ್ಯಾಗ ನೀ ಬೈದ್ರ ಅದು ಬೈಗಳಾ ಅಂತನ ಅನಸೂದಿಲ್ಲ."

ಅವರೇ ರಜಿಯಾ ಆಪಾ, ಎಂದರೆ ರಜಿಯಾ ಅಕ್ಕ. ವಿಜಯಪುರದವರು, ನನಗಿಂತ ಹತ್ತು ವರ್ಷ ದೊಡ್ಡವರು, ಇಡೀ ಓಣಿಯ ಹೆಂಗಸರ ರವಿಕೆ ಹೊಲಿಯುತ್ತಿದ್ದವರು. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನ ಕನ್ನಡಕ್ಕೆ ಅವರು ಬಿದ್ದುಬಿದ್ದು ನಗುತ್ತಿದ್ದರು. "ನೀ ಮಾತಾಡಿದ್ರ ಪುಸ್ತಕ ಓದಿದಂಗ ಆಗ್ತೈತಿ" ಎನ್ನುವರು. ಆದರೂ ಆ ಬಿಲ್ಡಿಂಗಿನಲ್ಲಿ ಕನ್ನಡವೆಂದರೆ ನಾವಿಬ್ಬರೇ. ನಡುವೆ ಮೂರು ಮಹಡಿಯ ಮೆಟ್ಟಿಲುಗಳಿದ್ದವು. ಅವನ್ನು ಇಳಿದು ಹೋಗಲು ನನಗೆ ಪ್ರತಿದಿನ ಒಂದು ನೆಪ ಸಿಗುತ್ತಿತ್ತು.

ಅವರ ಕಿಟಕಿಯ ಹೊರಗೆ, ಕಾಂಪೌಂಡಿನ ನೆಲದಲ್ಲಿ, ಗಂಧರಾಜದ ಪೊದೆಯಿತ್ತು. ಆಪಾನ ತಂದೆ ಊರಿನ ಒಂದು ತೋಟದಲ್ಲಿ ಮಾಲಿಯಾಗಿದ್ದವರು. ಮಗಳ ಮದುವೆಯಾದಾಗ ಒಡವೆಯ ಬದಲು ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಸಸಿಯನ್ನು ಕೈಗಿಟ್ಟು ಕಳಿಸಿದ್ದರಂತೆ. ನಾನು ನೋಡುವ ಹೊತ್ತಿಗೆ ಅದು ಕಿಟಕಿಯ ತುದಿ ಮುಟ್ಟಿತ್ತು. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಅದರ ಪರಿಮಳ ಮೆಟ್ಟಿಲು ಹತ್ತಿ ಮೂರನೆಯ ಮಹಡಿಯವರೆಗೆ ಬರುತ್ತಿತ್ತು. ತಮ್ಮ ಗಂಡ ತೀರಿಕೊಂಡ ಮೇಲೆ ಆಪಾ ಹೂ ಮುಡಿಯುವುದನ್ನು ಬಿಟ್ಟಿದ್ದರು. ದಿನದ ಮೊದಲ ಹೂ ನನ್ನದಾಗಿತ್ತು. ಶಾಲೆಗೆ ಹೊರಡುವಾಗ ಕಿಟಕಿಯ ಸರಳಿನ ನಡುವಿನಿಂದ ಕೈ ಚಾಚಿ ಅವರೇ ನನ್ನ ಜಡೆಗೆ ಸಿಕ್ಕಿಸುವರು. ತರಗತಿಯಲ್ಲಿ ಗದ್ದಲ ಮಾಡುತ್ತಿದ್ದ ಮಕ್ಕಳು ನನ್ನ ಹೆಜ್ಜೆಯ ಸಪ್ಪಳಕ್ಕಿಂತ ಮೊದಲು ಆ ಹೂವಿನ ವಾಸನೆಗೆ ಸುಮ್ಮನಾಗುತ್ತಿದ್ದರು. ಮಕ್ಕಳ ಸಂಖ್ಯೆ ಇಳಿಯುತ್ತ ಇಳಿಯುತ್ತ ಕೊನೆಗೊಂದು ವರ್ಷ ಆ ಶಾಲೆಯ ಕನ್ನಡ ವಿಭಾಗವೇ ಮುಚ್ಚಿತು. ಆ ದಿನ ಮನೆಗೆ ಬಂದು ನೇರ ಮೇಲೆ ಹೋಗಲಾರದೆ ಆಪಾನ ಹೊಲಿಗೆ ಯಂತ್ರದ ಪಕ್ಕ ಕುಳಿತುಬಿಟ್ಟೆ. ಅವರು ಗುಂಡಿ ಹೊಲಿಯಲು ನಾಲ್ಕು ರವಿಕೆಗಳನ್ನು ನನ್ನ ಮಡಿಲಿಗೆ ಹಾಕಿದರು.

ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವುದೆಂದು ಕೊನೆಗೂ ತೀರ್ಮಾನವಾಯಿತು. ಗಚ್ಚು ಉದುರುತ್ತಿದ್ದ ಛಾವಣಿಯ ಕೆಳಗೆ ಹತ್ತು ವರ್ಷ ಮೀಟಿಂಗ್ ನಡೆಸಿದವರು ನಾವು. ನಿಜವಾಗಿ ಕೆಡವುತ್ತಾರೆಂದು ಯಾರೂ ನಂಬಿರಲಿಲ್ಲ. ಕೊನೆಯ ಮೀಟಿಂಗಿನಲ್ಲಿ ಬಿಲ್ಡರನ ಕಡೆಯವರು ದೊಡ್ಡ ಬಣ್ಣದ ನಕ್ಷೆ ಹರಡಿದರು. ಹದಿನೆಂಟು ಮಹಡಿ, ಜಿಮ್, ಮಕ್ಕಳಿಗೆ ಜಾರುಬಂಡೆ. ಆಪಾ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, "ಇಸ್ ಮೇ ಮೇರಾ ಝಾಡ್ ಕಹಾಂ ಹೈ?" ಎಂದು ನಕ್ಷೆಯಲ್ಲಿ ತಮ್ಮ ಗಿಡವನ್ನು ಹುಡುಕುತ್ತ ಕೇಳಿದರು. ಅವರ ಗಿಡ ಇದ್ದಲ್ಲಿ ಕಾರುಗಳು ನೆಲದಡಿಗೆ ಇಳಿಯುವ ದಾರಿಯಿತ್ತು. ಬಂದಿದ್ದ ತರುಣ ಬಹಳ ಮರ್ಯಾದೆಯಿಂದ, "ಲ್ಯಾಂಡ್‌ಸ್ಕೇಪಿಂಗ್ ಹೋಗಾ ಆಂಟೀಜಿ" ಎಂದ, ಹುಲ್ಲು ಹೂಗಿಡ ಎಲ್ಲ ಇರುತ್ತದೆಂಬಂತೆ.

ಆಪಾ ಅಳಲಿಲ್ಲ, ಜಗಳಾಡಲಿಲ್ಲ. ಜೂನಿನ ಮೊದಲ ಮಳೆ ಬಿದ್ದ ಮರುದಿನ ಬ್ಲೇಡು ಹಿಡಿದು ಹೊರಗೆ ಬಂದರು. ಪೆನ್ಸಿಲ್ ದಪ್ಪದ ಎರಡು ರೆಂಬೆ ಆರಿಸಿ, ಎರಡು ಬೆರಳಗಲ ಸಿಪ್ಪೆಯನ್ನು ಉಂಗುರದಂತೆ ಕೆತ್ತಿ ತೆಗೆದು, ಅಲ್ಲಿಗೆ ತೆಂಗಿನ ನಾರು ಬೆರೆಸಿದ ಒದ್ದೆ ಮಣ್ಣನ್ನು ಉಂಡೆ ಮಾಡಿ ಮೆತ್ತಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ರವಿಕೆಯ ಲೈನಿಂಗ್ ಬಟ್ಟೆಯ ಪಟ್ಟಿಗಳಿಂದ ಬಿಗಿದರು. ಒಂದಕ್ಕೆ ಕೆಂಪು ಪಟ್ಟಿ, ಒಂದಕ್ಕೆ ಹಸಿರು. ಇದಕ್ಕೆ ಗೂಟಿ ಕಟ್ಟುವುದು ಎನ್ನುತ್ತಾರೆ. ರೆಂಬೆ ತಾಯಿಗಿಡದ ಮೇಲಿರುವಾಗಲೇ ಬೇರು ಬಿಡುತ್ತದೆ.

"ನಮ್ಮಪ್ಪ ಹಿಂಗ ಮಾಡ್ತಿದ್ದ" ಎಂದರು ಆಪಾ, ಕೈಯ ಮಣ್ಣನ್ನು ಸೆರಗಿಗೆ ಒರೆಸುತ್ತ. "ಸೀದಾ ಕಡದು ಒಯ್ದ್ರ ಗಿಡಕ್ಕ ಗಾಬರಿ ಆಗ್ತೈತಿ. ಹಿಂಗ ಕಟ್ಟಿದ್ರ ಅದಕ್ಕ ತಿಳೀದಂಗ ಮನಿ ಬಿಡತೈತಿ. ಒಂದು ನಿನಗ, ಒಂದು ನನಗ."

ಎರಡು ತಿಂಗಳು ನಾವಿಬ್ಬರೂ ಆ ಪ್ಲಾಸ್ಟಿಕ್ಕಿನೊಳಗೆ ಇಣುಕಿದ್ದೇ ಇಣುಕಿದ್ದು. ಕೆಂಪು ಪಟ್ಟಿಯದರಲ್ಲಿ ಬಿಳಿಯ ಬೇರುಗಳು ಶ್ಯಾವಿಗೆಯಂತೆ ದಟ್ಟವಾಗಿ ಬಂದವು. ಹಸಿರಿನದರಲ್ಲಿ ಎಣಿಸಿದರೆ ಐದು ಎಳೆ. ಆಗಸ್ಟಿನಲ್ಲಿ ಎರಡನ್ನೂ ಕತ್ತರಿಸಿ ಬಣ್ಣದ ಹಳೆಯ ಡಬ್ಬಿಗಳಲ್ಲಿ ನೆಟ್ಟರು. ಪಟ್ಟಿಗಳನ್ನು ಮಾತ್ರ ಕಾಂಡಕ್ಕೆ ಹಾಗೆಯೇ ಬಿಟ್ಟರು. ಯಾವುದು ಯಾರಿಗೆಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಗಣಪತಿ ಕಳೆದ ಮೇಲೆ ಎಲ್ಲರೂ ಮನೆ ಖಾಲಿ ಮಾಡಿದೆವು. ಆಪಾ ಸಾಂತಾಕ್ರೂಜಿನಲ್ಲಿದ್ದ ಮಗನ ಮನೆಗೆ, ನಾವು ವಡಾಲಕ್ಕೆ. ಟೆಂಪೋಗಳು ಒಂದರ ಹಿಂದೊಂದು ನಿಂತಿದ್ದವು. ಆಪಾ ತಮ್ಮ ಹೊಲಿಗೆ ಯಂತ್ರವನ್ನು ಹೇಗೆ ಹಿಡಿಯಬೇಕೆಂದು ಹಮಾಲರಿಗೆ ಹೇಳಲು ಆಚೆ ಹೋಗಿದ್ದರು. ಎರಡು ಡಬ್ಬಿಗಳೂ ಮೆಟ್ಟಿಲ ಬಳಿ ಇದ್ದವು. ನಾನು ಆಚೀಚೆ ನೋಡಿದೆ. ಕೆಂಪು ಪಟ್ಟಿಯ ಗಿಡವನ್ನು ಎತ್ತಿ, ಹಳೆಯ ಪೇಪರಿನಿಂದ ಕಾಂಡ ಕಾಣದಂತೆ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಟೆಂಪೋದ ಮುಂದಿನ ಸೀಟಿನಲ್ಲಿ ಹೋಗಿ ಕುಳಿತೆ. ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದ ಕೈಗಳು ಒಂದು ಕ್ಷಣವೂ ನಡುಗಲಿಲ್ಲವೆಂಬುದು ನನಗೆ ಈಗಲೂ ಆಶ್ಚರ್ಯ. ಆಪಾ ಓಡಿ ಬಂದು ಕಿಟಕಿಯಿಂದ ನನ್ನ ಕೆನ್ನೆ ಹಿಡಿದು, "ಗಿಡಾ ತೊಗೊಂಡ್ಯೇನು?" ಎಂದರು. "ತಗೊಂಡೆ ಆಪಾ, ಯಾವುದೋ ಒಂದನ್ನು ಎತ್ತಿಕೊಂಡೆ, ನೋಡ್ಲಿಕ್ಕೆ ಪುರುಸೊತ್ತಿರಲಿಲ್ಲ" ಎಂದೆ. ಕದ್ದದ್ದಕ್ಕಿಂತ ಈ ಪುರುಸೊತ್ತಿಲ್ಲದ ಸುಳ್ಳು ನನ್ನನ್ನು ಹೆಚ್ಚು ಕಾಲ ಚುಚ್ಚಿತು.

ಆಮೇಲೆ ಫೋನಿನ ಕಾಲ. ಮೊದಮೊದಲು ದಿನಕ್ಕೊಮ್ಮೆ ಮಾತು. ನಾನು ಅಳುಕುತ್ತಲೇ ಗಿಡದ ವಿಷಯ ಕೇಳಿದರೆ ಆಪಾ, "ಛಲೋ ಐತಿ, ಹೊಸಾ ಚಿಗುರು ಬಂದಾವ" ಎನ್ನುವರು. ನನಗೆ ಸಮಾಧಾನವಾಗುತ್ತಿತ್ತು. ಮಾರ್ಚ್ ಬಂತು, ನನ್ನ ಬಾಲ್ಕನಿಯಲ್ಲಿ ಮೊಗ್ಗುಗಳು ಉದುರತೊಡಗಿದವು. ಅತ್ತ ಆಪಾನ ಗಿಡ ಹೂವಾಯಿತು. "ಇವತ್ತು ಮುಂಜಾನೆ ಎರಡು ಅರಳ್ಯಾವ ನೋಡು. ಒಂದು ಕಿಟಕಿ ಕಡೆ ಮುಖಾ ಮಾಡೇತಿ, ಇನ್ನೊಂದು ಎಲಿ ಹಿಂದ ಅಡಗೇತಿ, ನಾಚಿಕಿ ಅದಕ್ಕ." ಇನ್ನೊಂದು ದಿನ, "ರಾತ್ರಿ ಗಾಳಿಗೆ ಒಂದು ಪಕಳಿ ಹರದೈತಿ, ಆದ್ರೂ ವಾಸನಿ ಕಮ್ಮಿ ಆಗಿಲ್ಲ." ಅವರು ಹೇಳುವ ರೀತಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಫೋನ್ ಹಿಡಿದಿದ್ದ ಕೈಗೆ ಪರಿಮಳ ಹತ್ತಿದಂತಾಗುತ್ತಿತ್ತು.

ನನ್ನ ಮನಸ್ಸಿನ ಸ್ಥಿತಿಯನ್ನು ಹೇಗೆ ಹೇಳಲಿ? ಐದೇ ಎಳೆ ಬೇರಿದ್ದ ಬಡಕಲು ಗಿಡ ಅಲ್ಲಿ ದಿನಕ್ಕೆರಡು ಹೂ ಕೊಡುತ್ತಿದೆ. ಕದ್ದು ತಂದ ಪುಷ್ಟ ಗಿಡ ಇಲ್ಲಿ ದಿನಕ್ಕಾರು ಮೊಗ್ಗು ಉದುರಿಸುತ್ತಿದೆ. ದೇವರ ನ್ಯಾಯ ಇಷ್ಟು ಶೀಘ್ರವಾಗಿ, ಇಷ್ಟು ಕರಾರುವಾಕ್ಕಾಗಿ ನಡೆಯುವುದನ್ನು ನಾನು ಪುರಾಣದಲ್ಲೂ ಓದಿರಲಿಲ್ಲ. ಮೊದಲು ನಾಚಿಕೆಯಾಯಿತು. ಆಮೇಲೆ, ಹೇಳಲು ಇನ್ನಷ್ಟು ನಾಚಿಕೆ, ಹೊಟ್ಟೆಕಿಚ್ಚಾಯಿತು. ಆಪಾ ಹೂವಿನ ಮಾತು ತೆಗೆದರೆ ನಾನು ಕುಕ್ಕರಿನ ನೆಪ ಹೇಳಿ ಫೋನ್ ಇಡತೊಡಗಿದೆ. ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆಯಾಯಿತು. ಮೇ ಬರುವಷ್ಟರಲ್ಲಿ ಅವರ ಫೋನ್ ಬಂದರೂ ನೋಡಿ ಸುಮ್ಮನಿರುವ ಮಟ್ಟಕ್ಕೆ ಇಳಿದಿದ್ದೆ. ವಡಾಲದಿಂದ ಸಾಂತಾಕ್ರೂಜಿಗೆ ಹಾರ್ಬರ್ ಲೋಕಲ್ಲಿನಲ್ಲಿ ಐದು ಸ್ಟೇಷನ್. ಎಂಟು ತಿಂಗಳಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ.

ಒಂದು ಸಂಜೆ ಯಜಮಾನರು ಪೇಪರಿನಿಂದ ತಲೆ ಎತ್ತದೆಯೇ ಹೇಳಿದರು: "ನಿನ್ನ ಆಪಾ ನನ್ನ ಫೋನಿಗೆ ಮಾಡಿದ್ರು. ನಿನಗೆ ಹುಷಾರುಂಟಾ ಅಂತ ಕೇಳಿದ್ರು. ಉಂಟು ಅಂದೆ. ಹಾಗಾದ್ರೆ ಸಾಕು ಅಂತ ಇಟ್ರು."

ಆ "ಹಾಗಾದ್ರೆ ಸಾಕು" ನನ್ನನ್ನು ಕೂರಗೊಡಲಿಲ್ಲ. ಮರುದಿನ ಭಾನುವಾರ. ಎಲ್ಲವನ್ನೂ ಒಪ್ಪಿಕೊಂಡು, ಬೇಕಾದರೆ ಗಿಡವನ್ನು ಬದಲಾಯಿಸಿಕೊಳ್ಳೋಣವೆಂದು ಹೇಳಿ ಬರುವುದೆಂದು ಹೊರಟೆ. ಹೇಳಬೇಕಾದ ವಾಕ್ಯಗಳನ್ನು ಕಿಂಗ್ಸ್ ಸರ್ಕಲ್ಲಿನಿಂದಲೇ ಜೋಡಿಸತೊಡಗಿದ್ದೆ. ಮಾಹಿಮ್ ದಾಟುವಾಗ ಅವು ಬಹಳ ಚೆನ್ನಾಗಿದ್ದವು. ಬಾಂದ್ರಾದಲ್ಲಿ ಜನ ನುಗ್ಗಿದ ಮೇಲೆ ಕ್ರಮ ತಪ್ಪಿತು. ಸಾಂತಾಕ್ರೂಜಿನಲ್ಲಿ ಇಳಿದಾಗ ಒಂದೂ ನೆನಪಿರಲಿಲ್ಲ.

ಬಾಗಿಲು ತೆರೆದದ್ದು ಮೊಮ್ಮಗಳು ಸಾನಿಯಾ. "ಆಂಟಿ, ಆವೋ ನಾ. ದಾದಿ ನಮಾಜ್ ಮಾಡ್ತಾ ಇದಾರೆ... ಪಾಂಚ್ ಮಿನಿಟ್ ಕೂತ್ಕೊಳ್ಳಿ" ಎಂದು ಮೂರು ಭಾಷೆಯನ್ನು ಒಂದೇ ವಾಕ್ಯದಲ್ಲಿ ಕೂರಿಸಿ, ನನ್ನನ್ನೂ ಕೂರಿಸಿ ಒಳಗೆ ಹೋದಳು. ಎರಡನೆಯ ಮಹಡಿಯ ಸಣ್ಣ ಮನೆ. ಕಿಟಕಿಗೆ ಎದುರಾಗಿ ಇನ್ನೊಂದು ಬಿಲ್ಡಿಂಗಿನ ಗೋಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಕಿಟಕಿಯ ಕಬ್ಬಿಣದ ಜಾಲರಿಯಲ್ಲಿ ಬಣ್ಣದ ಹಳೆಯ ಡಬ್ಬಿ ಇತ್ತು. ನಾನು ಎದ್ದು ಹತ್ತಿರ ಹೋದೆ. ಡಬ್ಬಿಯ ತುಂಬ ಪುದೀನ ಬೆಳೆದಿತ್ತು. ನಡುವೆ ಒಂದು ಒಣಕಡ್ಡಿ. ಕಡ್ಡಿಗೆ ಬಣ್ಣ ಮಾಸಿದ ಹಸಿರು ಪಟ್ಟಿ.

ತಲೆಯ ಮೇಲೆ ವಿಮಾನವೊಂದು ಭೋರ್ಗರೆಯುತ್ತ ಹೋಯಿತು. ಅದರ ಸದ್ದು ಅಡಗುವ ಹೊತ್ತಿಗೆ ಆಪಾ ನನ್ನ ಹಿಂದೆ ನಿಂತಿದ್ದರು. ಎಂಟು ತಿಂಗಳಲ್ಲಿ ಸಣ್ಣಗಾಗಿದ್ದರು.

"ಹೂ ಎಲ್ಲಿ ಆಪಾ?" ಎಂದೆ. ಕೇಳಬಾರದಿತ್ತು.

"ಬಂದ ಹದಿನೈದ ದಿನದಾಗ ಒಣಗಿ ಹೋತು" ಎಂದರು ಆಪಾ. "ಇಲ್ಲಿ ಬಿಸಲ ಎಲ್ಲಿ ಐತಿ? ಪುದೀನ ಅಷ್ಟ ಬದುಕತೈತಿ."

"ಮತ್ತೆ ದಿನಾ ಹೇಳ್ತಿದ್ರಲ್ಲ... ಎರಡು ಅರಳಿದೆ, ಒಂದು ನಾಚಿಕೊಂಡಿದೆ..."

"ಸಯನ್‌ದಾಗ ನಲವತ್ತು ವರ್ಷ ನೋಡೀನಿ. ಒಂದೊಂದು ಹೂವಿನ ಮುಖಾ ನೆನಪೈತಿ. ಅವನ್ನ ಹೇಳಿದೆ."

ಜೋಡಿಸಿ ಮರೆತಿದ್ದ ವಾಕ್ಯಗಳು ಆಗ ಹೇಗೋ ಹೊರಗೆ ಬಂದವು, ಕ್ರಮವಿಲ್ಲದೆ, ವ್ಯಾಕರಣವಿಲ್ಲದೆ. "ಆಪಾ, ನಾನು ನೋಡದೆ ಎತ್ತಿಕೊಂಡದ್ದಲ್ಲ. ನೋಡಿಯೇ ತೆಗೆದದ್ದು. ಒಳ್ಳೆಯದನ್ನು ನಾನು ಕದ್ದದ್ದು. ಅದಕ್ಕೇ ನಿಮ್ಮದು ಸತ್ತದ್ದು."

ಆಪಾ ನನ್ನನ್ನು ನೋಡಿದರು. ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ನನಗ ಗೊತ್ತಿಲ್ಲೇನು? ಗೂಟಿ ಕಟ್ಟಿದಾಕಿ ನಾ. ಯಾವುದರಾಗ ಎಷ್ಟು ಬೇರೈತಿ ಅಂತ ನನಗ ತಿಳೀದಿಲ್ಲೇನು? ಕೆಂಪು ಪಟ್ಟಿ ಯಾಕ ಬಿಚ್ಚದ ಬಿಟ್ಟಿದ್ದೆ ಅನಕೊಂಡಿ? ಛಲೋದು ನಿನಗ ಕೊಡಬೇಕಂತ ಗುರ್ತ ಹಾಕಿ ಇಟ್ಟಿದ್ದೆ. ಕೊಡಾಕ ಬಂದ್ರ, ನೀ ಅದನ್ನ ಪೇಪರಿನ್ಯಾಗ ಸುತ್ತಿ ಬಗಲಾಗ ಇಟಕೊಂಡು ಟೆಂಪೋ ಹತ್ತಿ ಕುಂತಿದ್ದಿ!"

ಹೀಗೆ ಹೇಳಿ ಆಪಾ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಾನಿಯಾ ಒಳಗಿನಿಂದ ಓಡಿ ಬಂದು, ಅಜ್ಜಿ ನಗುತ್ತಿರುವುದನ್ನೂ ನಾನು ಅಳುತ್ತಿರುವುದನ್ನೂ ನೋಡಿ, ಯಾರಿಗೆ ನೀರು ಕೊಡಬೇಕೆಂದು ತಿಳಿಯದೆ ನಿಂತಳು. ನನ್ನದಾಗಲಿದ್ದುದನ್ನೇ ನಾನು ಕದ್ದಿದ್ದೆ. ಅವರು ಕೈಯಾರೆ ಕೊಡುವ ಒಂದು ಗಳಿಗೆಯನ್ನು ಮಾತ್ರ ಅವರಿಂದ ಕಸಿದುಕೊಂಡಿದ್ದೆ.

"ಒಣಗಿದ್ದನ್ನು ಯಾಕೆ ಹೇಳಲಿಲ್ಲ ಆಪಾ?"

ನಗು ನಿಂತಿತು. "ಹೇಳಿದ್ರ ನೀ ನಾಚಿಕಿಗೆ ಫೋನ್ ಮಾಡೂದು ಬಿಡ್ತಿದ್ದಿ. ನನ್ನ ಸೊಸಿ ಛಲೋಕಿ, ಆದ್ರ ಆಕಿ ಲಖನೌದಾಕಿ. ಹುಡುಗಿಗೆ ಕನ್ನಡ ತಿಳೀತೈತಿ, ಮಾತಾಡಾಕ ಎರಡು ಮಾತಿನ ಮ್ಯಾಲೆ ಬರೂದಿಲ್ಲ. ದಿನದಾಗ ನಿನ್ನ ಕೂಡ ಆಡಿದ್ದಷ್ಟ ನನ್ನ ಕನ್ನಡ. ಅದಕ್ಕ ಏನರೆ ಒಂದು ವಿಷಯಾ ಬೇಕಲ್ಲ." ಕಿಟಕಿಯ ಪುದೀನದ ಕಡೆ ನೋಡಿ ಹೇಳಿದರು: "ಆದ್ರೂ ನೀ ಬಿಟ್ಟಿ."

ಅವರ ಸುಳ್ಳು ನನ್ನನ್ನು ಹಿಡಿದಿಟ್ಟುಕೊಳ್ಳಲು ಹುಟ್ಟಿದ್ದು. ನಾನು ಅದೇ ಸುಳ್ಳಿಗೆ ಹೊಟ್ಟೆಕಿಚ್ಚುಪಟ್ಟು ಬಿಟ್ಟುಹೋಗಿದ್ದೆ. ನಾನು ಅವರ ಕೈ ಹಿಡಿದುಕೊಂಡು ಕುಳಿತೆ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದ ಆ ಬೆರಳ ತುದಿಗಳು ಮೆತ್ತಗಾಗಿದ್ದವು. ಹೊಲಿಗೆ ಯಂತ್ರ ಇಡಲು ಆ ಮನೆಯಲ್ಲಿ ಜಾಗವಿರಲಿಲ್ಲವೆಂದು ಆಗ ಗಮನಿಸಿದೆ.

ಪುದೀನ ಹಾಕಿದ ಚಹಾ ಕುಡಿಯುತ್ತ ಆಪಾ ನನ್ನ ಗಿಡದ ಯೋಗಕ್ಷೇಮ ವಿಚಾರಿಸಿದರು. ನಾನು ನನ್ನ ಬಿಸಿಲಿನ ಸಂಶೋಧನೆಯನ್ನೂ ನಾಲ್ಕು ಸಲದ ಸಂಚಾರವನ್ನೂ ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಅವರು ಕಪ್ಪು ಕೆಳಗಿಟ್ಟರು.

"ದಿನಾ ನಾಕ ಸಲ ಎತ್ತಿ ಇಡ್ತಿ? ಹುಚ್ಚಿ! ಮೊಗ್ಗು ಬಂದ ಮ್ಯಾಲೆ ಗಂಧರಾಜನ್ನ ಅಲಗಾಡಸಬಾರದು. ಜಾಗಾ ಬದಲಾದ್ರ ಅದು ಎಲ್ಲಾ ಮೊಗ್ಗು ಉದರಸಿ ಬಿಡತೈತಿ. ಬಿಸಲ ಕಮ್ಮಿ ಇದ್ರೂ ಚಿಂತಿಲ್ಲ, ಒಂದ ಕಡೆ ಬಿಡು. ಇದು ನಮ್ಮನಿ ಅಂತ ಅದಕ್ಕ ಅನಸ್ಲಿ."

ಇಷ್ಟು ಸರಳವಾದದ್ದನ್ನು ಒಂದು ಫೋನಿನಲ್ಲಿ ಕೇಳಬಹುದಿತ್ತು. ಕೇಳದಂತೆ ಮಾಡಿದ್ದು ನನ್ನ ಹೊಟ್ಟೆಕಿಚ್ಚೇ.

ಮನೆಗೆ ಬಂದು ಕುಂಡವನ್ನು ಬಾಲ್ಕನಿಯ ಬಲಮೂಲೆಯಲ್ಲಿ ಇಟ್ಟು ಕೈಮುಗಿದೆ. ಮುಟ್ಟಲಿಲ್ಲ. ಬಿಸಿಲು ಅದರ ಮೇಲಿಂದ ಸರಿದು ಹೋಗುವಾಗಲೆಲ್ಲ ಕೈ ತುರಿಸುತ್ತಿತ್ತು; ಯಜಮಾನರು, "ಕೂತ್ಕೋ" ಎನ್ನುತ್ತಿದ್ದರು. ಹೂವಿನ ಕಾಲ ಮುಗಿದ ಮೇಲೆ, ಜುಲೈನ ಒಂದು ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಮುಚ್ಚಿದ ಬಾಗಿಲಿನ ಸಂದಿನಿಂದ ಆ ವಾಸನೆ ಹಾಸಿಗೆಯವರೆಗೆ ಬಂದಿತ್ತು. ಒಂದೇ ಹೂ. ಸಣ್ಣದು, ಒಂದು ಬದಿಯ ದಳ ಸರಿಯಾಗಿ ಬಿಚ್ಚಿರಲಿಲ್ಲ. ದೇವರಿಗೆ ತೋರಿಸಿ, ಒದ್ದೆ ಹತ್ತಿಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿಟ್ಟು, ಎಂಟೂವರೆಯ ಲೋಕಲ್ ಹಿಡಿದೆ.

ಆಪಾ ಡಬ್ಬಿ ತೆರೆದರು. ಕಣ್ಣುಮುಚ್ಚಿ ಮೂಸಿದರು. ಆಮೇಲೆ ಹೂವನ್ನು ನನ್ನ ಜಡೆಗೆ ಸಿಕ್ಕಿಸಿದರು. ಅವರಿಗೆಂದು ತಂದದ್ದು ಎಂದರೆ ಕೇಳಲಿಲ್ಲ. "ನಡಿ, ಸಯನ್‌ಗೆ ಹೋಗೂಣು" ಎಂದರು. ಆಪಾ ಮೊಣಕಾಲು ನೋವಿಗೆ ಸ್ಟೇಷನ್ನಿನ ಸೇತುವೆ ಹತ್ತಲಾರರೆಂದು ಟ್ಯಾಕ್ಸಿ ಮಾಡಿದೆವು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ದಾರಿಯುದ್ದಕ್ಕೂ ಆಪಾ ಮಾತಾಡುತ್ತಲೇ ಇದ್ದರು, ನಾನು ಬಾರದೆ ಹೋದ ಎಂಟು ತಿಂಗಳ ಬಾಕಿಯನ್ನೆಲ್ಲ. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿ, ಯಾವ ಭಾಷೆಯೆಂದು ಊಹಿಸಲಾರದೆ, ರೇಡಿಯೋ ಸಣ್ಣದು ಮಾಡಿದ.

ನಮ್ಮ ಬಿಲ್ಡಿಂಗಿದ್ದಲ್ಲಿ ನೀಲಿ ತಗಡಿನ ಬೇಲಿಯಿತ್ತು. ವಾಚ್‌ಮನ್ ಒಳಗೆ ಬಿಡಲಿಲ್ಲ. ಆದರೆ ಆಪಾ ನಲವತ್ತು ವರ್ಷ ಇಲ್ಲಿದ್ದವರೆಂದು ಕೇಳಿ, ಎರಡು ತಗಡುಗಳ ನಡುವಿನ ಸಂದನ್ನು ತೋರಿಸಿ ಆಚೆ ಹೋಗಿ ನಿಂತ. ನಾವಿಬ್ಬರೂ ಒಂದೇ ಕೊಡೆಯ ಕೆಳಗೆ ತಲೆಗೆ ತಲೆ ತಾಗಿಸಿ ನೋಡಿದೆವು. ದೊಡ್ಡ ಹೊಂಡ. ಕೆಂಪು ನೀರು ನಿಂತಿತ್ತು, ಕಬ್ಬಿಣದ ಸರಳುಗಳು ನೀರಿನಿಂದ ಮೇಲೆದ್ದಿದ್ದವು. ಮೂರು ವರ್ಷದಲ್ಲಿ ಹೊಸ ಮನೆ ಕೊಡುತ್ತೇವೆಂದಿದ್ದರು, ಈಗ ಇನ್ನೂ ಹೊಂಡದಲ್ಲೇ ಇದೆ. ಆಪಾ ಎದುರಿನ ಬಿಲ್ಡಿಂಗಿನ ಕೊಳವೆಯನ್ನು ಗುರುತು ಹಿಡಿದು, ಅದರಿಂದ ಲೆಕ್ಕ ಹಾಕಿ, ತಮ್ಮ ಕಿಟಕಿ ಎಲ್ಲಿತ್ತೆಂದು ತೋರಿಸಿದರು. ಅಲ್ಲಿ ನೀರಿನ ಮೇಲೆ ಮಳೆಹನಿಗಳು ಬೀಳುತ್ತಿದ್ದವು.

"ನಿನ್ನ ಕುಕ್ಕರ್ ಮೂರನೇ ಸೀಟಿ ಹೊಡದ ಕೂಡಲೆ ನಾ ಮಷೀನ್ ನಿಲ್ಲಸ್ತಿದ್ದೆ" ಎಂದರು. "ಇನ್ನ ಹತ್ತ ನಿಮಿಷಕ್ಕ ಇಳದ ಬರ್ತಾಳ ಅಂತ."

ಮೂವತ್ತೊಂದು ವರ್ಷ ಇದು ನನಗೆ ಗೊತ್ತಿರಲಿಲ್ಲ. ನಾನಾಗಿಯೇ ನೆಪ ಹುಡುಕಿ ಇಳಿದು ಹೋಗುತ್ತಿದ್ದೇನೆಂದು ತಿಳಿದಿದ್ದೆ. ಕೆಳಗೆ ಒಬ್ಬರು ಕಾಯುತ್ತಿದ್ದರು.

"ನನ್ನ ಮನೆ ಎಲ್ಲಿತ್ತು ಆಪಾ? ನನಗೆ ಅಂದಾಜೇ ಆಗುದಿಲ್ಲ" ಎಂದೆ.

ಆಪಾ ಕೊಡೆಯನ್ನು ಹಿಂದಕ್ಕೆ ಸರಿಸಿ ತಲೆ ಎತ್ತಿದರು. ಮುಖದ ಮೇಲೆ ಮಳೆ ಬೀಳುತ್ತಿದ್ದರೂ ಕಣ್ಣು ಕಿರಿದು ಮಾಡಿ, ಹೊಂಡದ ಮೇಲಿನ ಬರೀ ಆಕಾಶದಲ್ಲಿ ಮಹಡಿಗಳನ್ನು ಒಂದೊಂದಾಗಿ ಎಣಿಸಿದರು. ಒಂದು, ಎರಡು, ಮೂರು. ಅಲ್ಲಿಗೆ ಬೆರಳು ನಿಲ್ಲಿಸಿ, ನನ್ನ ಗಲ್ಲ ಹಿಡಿದು ಮುಖವನ್ನು ಆ ಕಡೆಗೆ ತಿರುಗಿಸಿದರು.

"ಅಲ್ಲಿ ನೋಡು. ಅದು ನಿನ್ನ ಅಡಗಿ ಮನಿ. ಲೈಟ್ ಹತ್ತೇತಿ."